ಊರಿಗೆ ಬಂದ ಮೇಲೆ ಬೇಜಾರು: ವಾಪಸ್ ಹೋಗುವುದಾ, ಬೆಂಗಳೂರಾ, ಮೈಸೂರಾ, ಊರಲ್ಲೇ ಇರುವುದಾ?

ವಿದೇಶದಲ್ಲಿ ಹಲವು ವರ್ಷ ಇದ್ದು ಊರಿಗೆ ಬಂದವರು ಮೂರನೇ ತಿಂಗಳ ಹೊತ್ತಿಗೆ ಒಂದು ಮಾತು ಹೇಳುತ್ತಾರೆ. ಅಪ್ಪ ಅಮ್ಮನ ಎದುರು ಹೇಳುವುದಿಲ್ಲ. ಅಲ್ಲೇ ಉಳಿದ ಗೆಳತಿಗೆ ಫೋನ್ ಮಾಡಿ, ದನಿ ತಗ್ಗಿಸಿ ಹೇಳುತ್ತಾರೆ: "ಯಾಕೋ ಬೇಜಾರು ಕಣೇ. ಇಲ್ಲಿ ಏನೂ ನಡೆಯಲ್ಲ."

ನಾನೂ ಹೇಳಿದ್ದೇನೆ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಒಂಬತ್ತು ವರ್ಷ ಇದ್ದು 2022ರಲ್ಲಿ ವಾಪಸ್ ಬಂದೆವು. ನಾನು, ನಮ್ಮವರು, ಆಗ ಎರಡನೇ ಕ್ಲಾಸಿನಲ್ಲಿದ್ದ ಮಗಳು. ಮೊದಲು ಬಂದಿದ್ದು ಸಾಗರಕ್ಕೆ, ನನ್ನ ತವರಿಗೆ. ನಾನೊಬ್ಬಳೇ ಮಗಳು, ಅಪ್ಪಯ್ಯನಿಗೆ ವಯಸ್ಸಾಗಿತ್ತು. ಬರಬೇಕು ಅಂತ ಮನಸಾರೆ ಆಸೆಪಟ್ಟು ಬಂದವಳು ನಾನು. ಆದರೂ ಸಂಜೆ ಏಳೂವರೆಗೆ ಅಮ್ಮ ಧಾರಾವಾಹಿ ಹಾಕಿದಾಗ, ಹೊರಗೆ ರಸ್ತೆಯಲ್ಲಿ ಒಂದು ನಾಯಿ ಬಿಟ್ಟು ಯಾರೂ ಇಲ್ಲದಾಗ, ಎದೆಯೊಳಗೆ ಏನೋ ಕುಸಿದ ಹಾಗೆ ಆಗುತ್ತಿತ್ತು. ಹುಟ್ಟಿದ ಊರು ಬೇಜಾರಾಗುತ್ತಿದೆ ಅಂದರೆ ನಾನು ಎಂಥವಳು ಅಂತ ನಾಚಿಕೆಯೂ ಆಗುತ್ತಿತ್ತು.

ಆಮೇಲೆ ಗೊತ್ತಾಯಿತು, ಇದು ಬಹಳ ಜನರಿಗೆ ಆಗುತ್ತದೆ. 1955ರಲ್ಲಿ ನಾರ್ವೆಯ ಸಮಾಜ ವಿಜ್ಞಾನಿ ಸ್ವೆರ್ರೆ ಲಿಸ್‌ಗಾರ್ಡ್, ಓದಿಗೆ ಅಮೆರಿಕಕ್ಕೆ ಹೋಗಿದ್ದ ತನ್ನ ದೇಶದವರ ಬಗ್ಗೆ ಬರೆದರು. ಮೊದಲು ಖುಷಿ, ನಂತರ ಕುಸಿತ, ಆಮೇಲೆ ಹೊಂದಿಕೊಳ್ಳುವುದು. 1963ರಲ್ಲಿ ಗಲ್ಲಾಹಾರ್ನ್ ದಂಪತಿ ಇದಕ್ಕೆ ಇನ್ನೊಂದು ಮಾತು ಸೇರಿಸಿದರು: ವಾಪಸ್ ಬಂದ ಮೇಲೂ ಅದೇ ಕುಸಿತ ಇನ್ನೊಮ್ಮೆ ಬರುತ್ತದೆ. ಹೋಗುವಾಗ ಕಷ್ಟ ಆಗುತ್ತದೆ ಅಂತ ಎಲ್ಲರೂ ಎಚ್ಚರಿಸುತ್ತಾರೆ. ಬರುವಾಗ ಯಾರೂ ಏನೂ ಹೇಳುವುದಿಲ್ಲ, ಅಲ್ವಾ? ಮನೆಗೆ ತಾನೇ ಬರ್ತಿರೋದು ಅಂದುಕೊಳ್ಳುತ್ತಾರೆ.

ಹಾಗಾಗಿ ನನ್ನ ಮೊದಲ ಮಾತು: ಮೊದಲ ವರ್ಷ ಏನನ್ನೂ ಖಾಯಂ ಮಾಡಬೇಡಿ. ಸೈಟು ಕೊಳ್ಳಬೇಡಿ, ಮನೆ ಕಟ್ಟಿಸಬೇಡಿ, ಸಿಟ್ಟಿನಲ್ಲಿ ವಾಪಸ್ ಟಿಕೆಟ್ಟೂ ಮಾಡಿಸಬೇಡಿ. ಬಾಡಿಗೆ ಮನೆಯಲ್ಲಿದ್ದು ನೋಡಿ.

ಮೊದಲು, ಯಾವ ಬೇಜಾರು?

ಊರುಗಳನ್ನು ಹೋಲಿಸುವ ಮೊದಲು ನಿಮ್ಮ ಬೇಜಾರನ್ನು ಸರಿಯಾಗಿ ನೋಡಬೇಕು. ನಾನು ಮಾಡಿದ್ದು ಇಷ್ಟೇ. ಎರಡು ವಾರ, ದಿನಾ ರಾತ್ರಿ ಮಗಳ ಹಳೆ ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆದೆ: ಇವತ್ತು ಯಾವ ಹೊತ್ತಿನಲ್ಲಿ ಬೇಜಾರಾಯಿತು, ಆಗ ಏನು ಮಾಡಬೇಕು ಅನ್ನಿಸಿತು.

ಹದಿನಾಲ್ಕು ಸಾಲಿನಲ್ಲಿ ಒಂಬತ್ತು ಸಾಲು ಒಂದೇ ಥರ ಇತ್ತು: ಸುಮ್ನೆ ಮನೆಯಿಂದ ಹೊರಗೆ ಹೋಗಿ ಒಬ್ಬಳೇ ನಡೆಯಬೇಕು ಅನ್ನಿಸಿತು. ಮೂರು ಸಾಲು, ನನ್ನ ಮನೆತನ ಗೊತ್ತಿಲ್ಲದವರ ಹತ್ತಿರ ಮಾತಾಡಬೇಕು ಅನ್ನಿಸಿತು ಅಂತ. ಇನ್ನೆರಡು ಗ್ರಂಥಾಲಯದ ಬಗ್ಗೆ. ಸ್ಟುಟ್‌ಗಾರ್ಟ್‌ನಲ್ಲಿ 2011ರಲ್ಲಿ ತೆರೆದ ಬಿಳಿ ಚೌಕದಂಥ ಒಂದು ದೊಡ್ಡ ಗ್ರಂಥಾಲಯ ಇದೆ. ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಅಡುಗೆ ಮುಗಿಸಿ ಅಲ್ಲಿ ಒಂದು ಗಂಟೆ ಕೂತು ಬರುತ್ತಿದ್ದೆ. ಮಾಲ್, ಹೋಟೆಲ್, ಹಿಮ, ಯೂರೋಪ್ ಸುತ್ತಾಟ ಇವು ಯಾವುದೂ ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಅಂದರೆ ನನಗೆ ಬೇಕಾಗಿದ್ದು ಜರ್ಮನಿ ಅಲ್ಲ. ನಡೆಯಲು ಒಂದು ರಸ್ತೆ, ಕೂರಲು ಒಂದು ಜಾಗ, ಗುರುತಿಲ್ಲದ ನಾಲ್ಕು ಮುಖ. ಅಷ್ಟು ಗೊತ್ತಾದ ಮೇಲೆ ಅರ್ಧ ಉತ್ತರ ಸಿಕ್ಕ ಹಾಗಾಯಿತು.

ಗಂಡ ಹೆಂಡತಿ ಬೇರೆ ಬೇರೆ ಬರೆಯಿರಿ. ನಮ್ಮವರ ನೋಟ್‌ಬುಕ್‌ನಲ್ಲಿ ಇದ್ದಿದ್ದು ಪೂರ್ತಿ ಕೆಲಸದ ಮಾತು: ಒಂದು ವಿಷಯದ ಬಗ್ಗೆ ಎದುರಾಎದುರು ವಾದ ಮಾಡುವ ಜೊತೆಗಾರರು ಇಲ್ಲ ಅಂತ. ಮಗಳನ್ನು ಕೇಳಿದೆ. ಅವಳು ಹೇಳಿದ್ದು: "ಇಲ್ಲಿ ಯಾಕೆ ನನ್ನ ಒಬ್ಬಳನ್ನೇ ಎಲ್ಲೂ ಕಳಿಸಲ್ಲ?" ಅಲ್ಲಿ ಒಂದನೇ ಕ್ಲಾಸಿನ ಮಕ್ಕಳೂ ಬ್ಯಾಗು ಹಾಕಿಕೊಂಡು ತಾವೇ ನಡೆದು ಶಾಲೆಗೆ ಹೋಗುತ್ತಾರೆ. ಅವಳಿಗೆ ಊರು ಬೇಜಾರಾಗಿದ್ದು ಆ ಕಾರಣಕ್ಕೆ. ನಾವು ಅವಳನ್ನು ಖುಷಿಪಡಿಸಲು ಐಸ್‌ಕ್ರೀಂ, ಟ್ಯಾಬ್ ಅಂತ ಒದ್ದಾಡುತ್ತಿದ್ದೆವು.

ವಾಪಸ್ ಹೋಗುವುದು

ಬೇಜಾರು ಪೂರ್ತಿ ಕೆಲಸದ್ದಾದರೆ, ಆ ಕೆಲಸ ಇಲ್ಲಿ ಸಿಗುವುದೇ ಇಲ್ಲ ಅಂತಾದರೆ, ವಾಪಸ್ ಹೋಗುವುದು ಸರಿಯಾದ ಆಯ್ಕೆ. ಅದರಲ್ಲಿ ಸೋಲು ಏನಿಲ್ಲ. ಮಕ್ಕಳು ಹದಿಮೂರು ಹದಿನಾಲ್ಕು ದಾಟಿದ್ದರೆ, ಅವರ ಗೆಳೆತನ ಪೂರ್ತಿ ಅಲ್ಲಿಯದಾದರೆ, ಆಗಲೂ ಇದನ್ನು ಗಟ್ಟಿಯಾಗಿ ಯೋಚಿಸಬೇಕು.

ಆದರೆ ಒಂದು ಕೆಲಸ ಮಾಡಿ. ನಿಮ್ಮ ಫೋನ್‌ನಲ್ಲಿರುವ ಅಲ್ಲಿನ ಫೋಟೋಗಳನ್ನು ತಿಂಗಳ ಪ್ರಕಾರ ನೋಡಿ. ನನ್ನ ಫೋನ್‌ನಲ್ಲಿ ಜೂನ್, ಜುಲೈ ತುಂಬಿ ತುಳುಕುತ್ತಿತ್ತು, ಡಿಸೆಂಬರ್‌ನ ದೀಪಗಳ ಸಂತೆ ಇತ್ತು. ಒಂಬತ್ತು ವರ್ಷದಲ್ಲಿ ಫೆಬ್ರವರಿಯ ಫೋಟೋ ಬೆರಳೆಣಿಕೆಯಷ್ಟು. ನವೆಂಬರ್‌ನಲ್ಲಿ ಐದು ಗಂಟೆಗೆಲ್ಲ ಕತ್ತಲು. ಭಾನುವಾರ ಕಾನೂನಿನ ಪ್ರಕಾರ ಅಂಗಡಿ ಬಾಗಿಲು ಹಾಕಿರುತ್ತಿತ್ತು. ಕಿಟಕಿಯಲ್ಲಿ ನಿಂತು, ಊರಲ್ಲಾದರೆ ಯಾರಾದರೂ ಬಂದು ಹೋಗುತ್ತಿದ್ದರು ಅಂತ ಅತ್ತಿದ್ದೂ ಇದೆ. ಬೇಜಾರು ಅಲ್ಲೂ ಇತ್ತು. ದೂರ ಬಂದ ಮೇಲೆ ನೆನಪು ಜೂನ್ ತಿಂಗಳನ್ನು ಮಾತ್ರ ಇಟ್ಟುಕೊಂಡಿತ್ತು.

ಇನ್ನೊಂದು ಮಾತು. ಅಲ್ಲಿಗೆ ಹೋದ ಮೊದಲ ವರ್ಷ ಹಾಲು ತರುವುದೂ ಒಂದು ದೊಡ್ಡ ವಿಷಯವಾಗಿತ್ತು. ಖಾಲಿ ಬಾಟಲಿಯನ್ನು ಯಂತ್ರಕ್ಕೆ ಹಾಕಿ ಚೀಟಿ ತಗೊಂಡಾಗ ಏನೋ ಸಾಧಿಸಿದ ಖುಷಿ. ಆ ಹೊಸತನ ಎರಡನೇ ಸಲ ಸಿಗುವುದಿಲ್ಲ. ಮತ್ತೆ ಹೋದರೆ ಸಿಗುವುದು ಒಂಬತ್ತನೇ ವರ್ಷದ ಸ್ಟುಟ್‌ಗಾರ್ಟ್.

ಏನೇ ನಿರ್ಧಾರ ಮಾಡಿದರೂ ಬಾಗಿಲು ಮುಚ್ಚಿಹೋಗದ ಹಾಗೆ ನೋಡಿಕೊಳ್ಳಿ. ಜರ್ಮನಿಯ ಕಾಯಂ ವಾಸದ ಪರವಾನಗಿ ಇದ್ದವರು ಸಾಮಾನ್ಯವಾಗಿ 6 ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ಅದು ರದ್ದಾಗುತ್ತದೆ. ನುರಿತ ಕೆಲಸಗಾರರಿಗೆ ಕೊಡುವ ಬ್ಲೂ ಕಾರ್ಡ್ ಇದ್ದರೆ 12 ತಿಂಗಳು. ಹೊರಡುವ ಮೊದಲೇ ಅಲ್ಲಿನ ವಿದೇಶಿಯರ ಕಚೇರಿಗೆ ಅರ್ಜಿ ಕೊಟ್ಟು ಹೆಚ್ಚಿನ ಅವಧಿಯನ್ನು ಕಾಗದದಲ್ಲಿ ಬರೆಸಿಕೊಳ್ಳಬಹುದು. ಅಮೆರಿಕದ ಗ್ರೀನ್ ಕಾರ್ಡ್‌ನವರು 1 ವರ್ಷಕ್ಕಿಂತ ಜಾಸ್ತಿ ಹೊರಗಿರುವುದಾದರೆ, ಮರುಪ್ರವೇಶದ ಪರವಾನಗಿಗೆ ಅಲ್ಲಿರುವಾಗಲೇ ಅರ್ಜಿ ಹಾಕಿ ಬರಬೇಕು. ಬ್ರಿಟನ್‌ನ ಕಾಯಂ ವಾಸಕ್ಕೆ 2 ವರ್ಷದ ಮಿತಿ. ಕೆನಡಾದಲ್ಲಿ 5 ವರ್ಷದಲ್ಲಿ 730 ದಿನ ಅಲ್ಲಿರಬೇಕು. ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಬಂದ ಖುಷಿ ಇಳಿದು ಬೇಜಾರು ನಿಜವಾಗಿ ಹತ್ತುವ ಹೊತ್ತಿಗೆ ಆರು ತಿಂಗಳು ದಾಟಿಯೇ ಹೋಗಿರುತ್ತದೆ. ಬಾಗಿಲು ತೆರೆದಿದೆ ಅಂತ ಗೊತ್ತಿದ್ದರೆ ಊರಲ್ಲಿ ಇರುವುದು ಎಷ್ಟೋ ಹಗುರ.

ಬೆಂಗಳೂರು

ಗುರುತಿಲ್ಲದವರ ನಡುವೆ ಇರಬೇಕು, ಸಂಜೆಗೆ ಹೋಗಲು ಒಂದು ಕಾರ್ಯಕ್ರಮ ಬೇಕು, ಕೆಲಸದ ಜೊತೆಗಾರರು ಬೇಕು ಅನ್ನುವವರಿಗೆ ಬೆಂಗಳೂರಿಗೆ ಸಮನಾದ ಊರು ಕರ್ನಾಟಕದಲ್ಲಿ ಇಲ್ಲ. ಜೆ.ಪಿ. ನಗರದ ರಂಗಶಂಕರ 2004ರಿಂದ ನಾಟಕ ಆಡಿಸುತ್ತಾ ಬಂದಿದೆ. ಬಸವನಗುಡಿಯಲ್ಲಿ ವಿಶ್ವ ಸಂಸ್ಕೃತಿ ಸಂಸ್ಥೆಯ ಉಪನ್ಯಾಸಗಳು, ಗ್ರಂಥಾಲಯ ಇವೆ. ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಚಾಪೆ ಹಾಸಿಕೊಂಡು, ಪರಿಚಯ ಇಲ್ಲದವರ ಪಕ್ಕ ಮಾತಿಲ್ಲದೆ ಪುಸ್ತಕ ಓದುವವರನ್ನು ನೋಡಿ ನನಗೆ ಕಣ್ಣು ತುಂಬಿ ಬಂದಿತ್ತು.

ಆದರೆ ವಾಪಸ್ ಬಂದ ಎಷ್ಟೋ ಜನ ಬೆಂಗಳೂರಿನಲ್ಲಿ ಇರುವುದೇ ಇಲ್ಲ. ಒಂದು ಅಪಾರ್ಟ್‌ಮೆಂಟಿನ ಗೇಟಿನೊಳಗೆ ಇರುತ್ತಾರೆ. ಅದರೊಳಗೇ ಈಜುಕೊಳ, ಅಂಗಡಿ, ವಾಪಸ್ ಬಂದವರದ್ದೇ ವಾಟ್ಸಾಪ್ ಗುಂಪು. ವಾರಪೂರ್ತಿ ಗೇಟು, ಕಾರು, ಆಫೀಸು. ಎರಡು ವರ್ಷ ಕಳೆದು "ಬೆಂಗಳೂರೂ ಬೋರು" ಅನ್ನುತ್ತಾರೆ. ಆ ಮಾತು ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಅವರು ಗಾಂಧಿ ಬಜಾರಿನಲ್ಲಿ ಒಂದು ಸಂಜೆ ನಡೆದಿರುವುದಿಲ್ಲ.

ಅದಕ್ಕೆ ಬೆಂಗಳೂರನ್ನು ಆರಿಸಿದರೆ ಒಂದೇ ಪರೀಕ್ಷೆ ಸಾಕು: ಮನೆಯಿಂದ ಮೆಟ್ರೋ ಸ್ಟೇಷನ್‌ಗೆ 15 ನಿಮಿಷದಲ್ಲಿ ನಡೆದು ಹೋಗಲು ಆಗುತ್ತದಾ? ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಪೂರ್ತಿ ಓಡುತ್ತಿದೆ. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಗಿದೆ. ಮನೆ ಸ್ವಲ್ಪ ಹಳೆಯದಾಗಿರಲಿ, ಚಿಕ್ಕದಾಗಿರಲಿ. ಸಂಜೆ ಆರಕ್ಕೆ ನಾಟಕಕ್ಕೆ ಹೋಗೋಣ ಅನ್ನಿಸಿದಾಗ, ಟ್ರಾಫಿಕ್ ನೆನೆಸಿಕೊಂಡು ಮತ್ತೆ ಸೋಫಾದಲ್ಲಿ ಕೂರುವ ಹಾಗೆ ಆಗಬಾರದು. ಮಳೆಗಾಲದಲ್ಲಿ ಒಮ್ಮೆ ಆ ದಾರಿ ನಡೆದು ನೋಡಿಯೇ ಮುಂಗಡ ಕೊಡಿ.

ಮೈಸೂರು, ಮಂಗಳೂರು, ಧಾರವಾಡ

ಮಂಗಳೂರು ಕೊಲ್ಲಿ ದೇಶಗಳಿಂದ ಬಂದವರಿಗೆ ಹೆಚ್ಚು ಹೊಂದುತ್ತದೆ. ವಿಮಾನ ನೇರ ಇದೆ, ಕಡಲು ಇದೆ, ದೀಪಾವಳಿ ಕಳೆದು ಮೇ ಕೊನೆಯ ಪತ್ತನಾಜೆಯವರೆಗೆ ಯಕ್ಷಗಾನದ ರಾತ್ರಿಗಳಿವೆ. ಸೆಕೆ ತಡೆಯಬೇಕು. ಧಾರವಾಡ ಹಿಂದೂಸ್ತಾನಿ ಸಂಗೀತದ ಹುಚ್ಚಿರುವವರ ಊರು. ಕಾಲೇಜು, ವಿಶ್ವವಿದ್ಯಾಲಯ, ಪುಸ್ತಕ, ಹರಟೆ ಎಲ್ಲ ಇದೆ. ನಾನು ಅಲ್ಲಿ ಹೆಚ್ಚು ದಿನ ಇದ್ದಿಲ್ಲ, ಹಾಗಾಗಿ ಇಷ್ಟಕ್ಕೇ ಬಿಡುತ್ತೇನೆ.

ಮೈಸೂರಿನ ಬಗ್ಗೆ ಧೈರ್ಯವಾಗಿ ಹೇಳಬಲ್ಲೆ. ಹದಿನಾಲ್ಕು ತಿಂಗಳು ಸಾಗರದಲ್ಲಿದ್ದು ಆಮೇಲೆ ಬಂದಿದ್ದು ಇಲ್ಲಿಗೇ. ನಮ್ಮವರ ಊರು ಇದು ಅನ್ನುವುದು ಒಂದು ಕಾರಣ. ನೋಟ್‌ಬುಕ್ಕಿನ ಒಂಬತ್ತು ಸಾಲು ದೊಡ್ಡ ಕಾರಣ. ಇಲ್ಲಿ ಹೆಂಗಸು ಒಬ್ಬಳೇ ಸಂಜೆ ನಡೆದರೆ ಯಾರೂ ತಿರುಗಿ ನೋಡುವುದಿಲ್ಲ. ಕುಕ್ಕರಹಳ್ಳಿ ಕೆರೆ ಏರಿ ಇದೆ, ಮಾನಸಗಂಗೋತ್ರಿಯ ಮರಗಳ ಸಾಲು ಇದೆ, ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣದಲ್ಲಿ ವಾರದ ಕೊನೆಗೆ ನಾಟಕ ಇರುತ್ತದೆ, ಬಹುರೂಪಿ ಉತ್ಸವಕ್ಕೆ ಬೇರೆ ಬೇರೆ ಭಾಷೆಯ ತಂಡಗಳು ಬರುತ್ತವೆ. ಮಗಳು ಹಾಲಿನ ಬೂತಿಗೆ, ಲೈಬ್ರರಿಗೆ ತಾನೇ ಹೋಗಿ ಬರಲು ಆಗುವಂಥ ಬೀದಿ ಸಿಗುವವರೆಗೆ ನಾವು ಹನ್ನೊಂದು ಮನೆ ನೋಡಿದೆವು. ಮೊದಲ ದಿನ ಅವಳು ಹಾಲು ತಂದು, ಚಿಲ್ಲರೆಯನ್ನು ಮೇಜಿನ ಮೇಲೆ ಒಂದೊಂದಾಗಿ ಎಣಿಸಿಟ್ಟಳು. ಅವತ್ತಿನಿಂದ ಅವಳು ಜರ್ಮನಿಯ ಮಾತು ತೆಗೆಯುವುದು ಕಮ್ಮಿಯಾಯಿತು.

ಮೈಸೂರಿನ ಕೊರತೆ ಕೆಲಸದ್ದು. ಆಯ್ಕೆ ಕಡಿಮೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ದಿನಾ ಬೆಂಗಳೂರಿಗೆ ಓಡಾಡಬಹುದು ಅನ್ನುವವರಿದ್ದಾರೆ. ದಯವಿಟ್ಟು ಆ ಲೆಕ್ಕ ಹಾಕಬೇಡಿ. ಬೆಂಗಳೂರಿನ ಅಂಚು ಮುಟ್ಟಿದ ಮೇಲೆ ಇನ್ನೊಂದು ಪ್ರಯಾಣ ಶುರುವಾಗುತ್ತದೆ. ವಾರಕ್ಕೊಮ್ಮೆ ಸರಿ. ನಮ್ಮವರು ಮನೆಯಿಂದಲೇ ಜರ್ಮನಿಯ ಕಂಪನಿಗೆ ಕೆಲಸ ಮಾಡುತ್ತಾರೆ, ಎರಡು ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿ ತಮ್ಮ ಕ್ಷೇತ್ರದವರ ಜೊತೆ ಕೂತು ಬರುತ್ತಾರೆ. ವಾದ ಮಾಡುವ ಆಸೆ ಅಲ್ಲಿ ತೀರುತ್ತದೆ.

ಊರಲ್ಲೇ ಇರುವುದು

ಇದರ ಬಗ್ಗೆ ಜಾಸ್ತಿ ಹೇಳಬೇಕು. ಯಾಕೆಂದರೆ ಬೇಜಾರು ಅತಿ ಹೆಚ್ಚು ಇಲ್ಲೇ, ಅದು ಕರಗಿಹೋಗಿದ್ದನ್ನು ನಾನು ನೋಡಿದ್ದೂ ಇಲ್ಲೇ.

ಸಾಗರದಲ್ಲಿ ಎಲ್ಲರೂ ನನ್ನನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ: "ಯಾವಾಗ ಬಂದ್ಯೇ? ಎಷ್ಟು ದಿನ ಇರ್ತೀಯ?" ಮೂರು ತಿಂಗಳಾದ ಮೇಲೂ ಅದೇ. ಆಮೇಲೆ ಅದರ ಬಾಲಕ್ಕೆ "ಗಂಡ ಎಲ್ಲಿದಾರೆ?" ಸೇರಿತು. ನಾನು ನೆಂಟಳಾಗಿದ್ದೆ. ನೆಂಟರಿಗೆ ಮಾಡಲು ಏನಿರುತ್ತದೆ? ಕೂರುವುದು, ತಿನ್ನುವುದು, ಟಿವಿ ನೋಡುವುದು. ನಾಲ್ಕು ದಿನದ ಮೇಲೆ ಯಾವ ನೆಂಟರಿಗಾದರೂ ಬೇಜಾರಾಗುತ್ತದೆ.

ಜೂನ್ ಬಂತು. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಕಾಲ. ಅಪ್ಪಯ್ಯನ ಜೊತೆ ಔಷಧಿ ಕಲೆಸುವವನು ಆ ವರ್ಷ ಬರಲಿಲ್ಲ. "ಬಾ, ನೀನೇ ಮಾಡು" ಅಂದರು. ಬೋರ್ಡೋ ದ್ರಾವಣ ಅಂತ ಚಿಕ್ಕಂದಿನಿಂದ ಹೆಸರು ಕೇಳಿದ್ದೆ, ಅದರ ನೀಲಿ ಕಲೆ ಬಟ್ಟೆ ಮೇಲೆ ನೋಡಿದ್ದೆ. ಮಾಡುವುದು ಗೊತ್ತಿರಲಿಲ್ಲ. ಒಂದು ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಇನ್ನೊಂದರಲ್ಲಿ 50 ಲೀಟರಿಗೆ 1 ಕಿಲೋ ಸುಣ್ಣ. ಡ್ರಮ್ಮು ಪ್ಲಾಸ್ಟಿಕ್ಕಿನದೇ ಆಗಬೇಕು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ಯುತ್ತಾ ಕಲಕಬೇಕು. ಸುಣ್ಣವನ್ನು ಅದಕ್ಕೆ ಹೊಯ್ದರೆ ಕೆಡುತ್ತದೆ. ಆಮೇಲೆ ಅಪ್ಪಯ್ಯ ಸೊಂಟದಿಂದ ಕತ್ತಿ ತೆಗೆದು, ಅದರ ಅಲಗನ್ನು ಕಲ್ಲಿಗೆ ಉಜ್ಜಿ ಹೊಳಪು ಬರಿಸಿ, ದ್ರಾವಣದಲ್ಲಿ ಅದ್ದಿ ಒಂದು ನಿಮಿಷ ಹಿಡಿದರು. ತೆಗೆದು ನನಗೆ ತೋರಿಸಿದರು. ಅಲಗಿನ ಮೇಲೆ ತೆಳ್ಳಗೆ ಕೆಂಪು ಕೂತಿತ್ತು. "ತಾಮ್ರ ಜಾಸ್ತಿಯಾಗಿದೆ. ಹೀಗೇ ಹೊಡೆದರೆ ಸುಡ್ತದೆ. ಇನ್ನೊಂದು ಮುಷ್ಟಿ ಸುಣ್ಣ ಹಾಕು." ಹಾಕಿದೆ, ಕಲಕಿದೆ, ಮತ್ತೆ ಅದ್ದಿದೆ. ಈ ಸಲ ಅಲಗು ಹೊಳೆಯುತ್ತಲೇ ಇತ್ತು.

ಅಡಿಕೆ ಮರ ಹತ್ತಿದ್ದ ಕೊನೆಗೌಡ ಮೇಲಿನಿಂದ "ಔಷಧಿ ಬರ್ಲಿ" ಅಂತ ಕೂಗಿದ. ಮೂರು ದಿನ ಅದೇ ಕೆಲಸ. ಎರಡು ವಾರ ಮುಗಿದ ಮೇಲೂ ಬರೆಯುತ್ತಿದ್ದ ನೋಟ್‌ಬುಕ್ಕಿನಲ್ಲಿ ಆ ಮೂರು ದಿನದ ಹಾಳೆ ಖಾಲಿ ಇದೆ. ಅದಾದ ಮೇಲೆ ಪೇಟೆಯಲ್ಲಿ ಜನ ಕೇಳುವ ಪ್ರಶ್ನೆಯೂ ಬದಲಾಯಿತು: "ನಿಮ್ಮ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆಯೇನೇ?" ಊರು ಅದೇ. ನನಗೆ ಅಲ್ಲಿ ಒಂದು ಕೆಲಸ ಇತ್ತು, ಅಷ್ಟೇ.

ಹಾಗಾಗಿ ಊರು ಬೇಡ ಅಂತ ತೀರ್ಮಾನ ಮಾಡುವ ಮೊದಲು, ಅಲ್ಲಿ ನಿಮ್ಮ ಮೇಲೆ ನಾಲ್ಕು ಜನ ಅವಲಂಬಿಸುವ ಒಂದು ಕೆಲಸ ಹಿಡಿದು ನೋಡಿ. ಶಾಲೆಯಲ್ಲಿ ಪಾಠ, ಸೊಸೈಟಿಯ ಲೆಕ್ಕ, ಜಾತ್ರೆ ಸಮಿತಿ, ಯಾವುದಾದರೂ. ಊರಿನ ಸುತ್ತಮುತ್ತ ಏನಿದೆ ಅಂತಲೂ ಹೊಸಬರ ಹಾಗೆ ಹುಡುಕಿ. ನಮ್ಮೂರ ಪಕ್ಕದ ಹೆಗ್ಗೋಡಿನಲ್ಲಿ 1949ರಿಂದ ನೀನಾಸಂ ಅನ್ನುವ ನಾಟಕ ಸಂಸ್ಥೆ ಇದೆ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದ್ದು ಆ ಹಳ್ಳಿಯ ಕೆಲಸಕ್ಕೆ. ಅಲ್ಲಿನ ಸಂಸ್ಕೃತಿ ಶಿಬಿರಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಶಾಲೆ ಕಾಲೇಜಿನ ದಿನಗಳಲ್ಲಿ ನಾನು ಒಮ್ಮೆಯೂ ಅಲ್ಲಿ ಕೂತು ನಾಟಕ ನೋಡಿರಲಿಲ್ಲ. ಮೂವತ್ತೆಂಟನೇ ವಯಸ್ಸಿಗೆ ನೋಡಿದೆ. ಎಲ್ಲ ಗೊತ್ತಿರುವ ಊರು ಅಂದುಕೊಂಡಿದ್ದೆ, ಏನೂ ಗೊತ್ತಿರಲಿಲ್ಲ.

ಇಷ್ಟೆಲ್ಲ ಆದರೂ ನಾವು ಅಲ್ಲಿ ಉಳಿಯಲಿಲ್ಲ. ಸಂಜೆ ಒಬ್ಬಳೇ ನಡೆಯಲು ಹೊರಟರೆ ಹತ್ತು ಮನೆಯ ಜಗಲಿಯಿಂದ "ಎಲ್ಲಿಗೆ?" ಅನ್ನುವ ಕೂಗು ನಿಲ್ಲಲಿಲ್ಲ. ಅದು ಪ್ರೀತಿಯ ಕೂಗೇ. ಆದರೆ ಎಲ್ಲಿಗೂ ಇಲ್ಲ ಅನ್ನುವ ಉತ್ತರ ಅಲ್ಲಿ ನಡೆಯುವುದಿಲ್ಲ. ನಮ್ಮವರಿಗಂತೂ ಅದು ಹೆಂಡತಿಯ ಮನೆ. ನಿಮ್ಮ ಸಂಗಾತಿ ಆ ಊರಿನವರಲ್ಲ ಅಂದರೆ, ಅವರ ಬೇಜಾರು ನಿಮ್ಮದಕ್ಕಿಂತ ದುಪ್ಪಟ್ಟು ಇರುತ್ತದೆ. ಅವರು ಬಾಯಿಬಿಟ್ಟು ಹೇಳುವವರೆಗೆ ಕಾಯಬೇಡಿ.

ದುಡ್ಡು, ಜಮೀನು

ಇದು ಬೇಜಾರಿನ ವಿಷಯ ಅಲ್ಲ, ಆದರೆ ಆಯ್ಕೆಯನ್ನು ಬದಲಿಸುತ್ತದೆ. ಹಿಂದಿನ 10 ವರ್ಷದಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಅಥವಾ ಹಿಂದಿನ 7 ವರ್ಷದಲ್ಲಿ ಇಲ್ಲಿದ್ದದ್ದು ಒಟ್ಟು 729 ದಿನ ಮೀರದಿದ್ದರೆ, ಬಂದ ಮೊದಲ ಎರಡು ಮೂರು ವರ್ಷ ಆರ್‌ಎನ್‌ಓಆರ್ (ನಿವಾಸಿ, ಆದರೆ ಸಾಮಾನ್ಯ ನಿವಾಸಿ ಅಲ್ಲ) ಅನ್ನುವ ತೆರಿಗೆ ಸ್ಥಾನ ಸಿಗಬಹುದು. ಆಗ ವಿದೇಶದಲ್ಲಿರುವ ಠೇವಣಿಯ ಬಡ್ಡಿ, ಬಾಡಿಗೆಯಂಥ ಆದಾಯಕ್ಕೆ ಇಲ್ಲಿ ತೆರಿಗೆ ಇರುವುದಿಲ್ಲ. ಮೈಸೂರಿನಲ್ಲಿ ಕೂತು ಮಾಡಿದ ಕೆಲಸದ ಸಂಬಳಕ್ಕೆ, ಕೊಡುವವರು ಯಾವ ದೇಶದವರಾದರೂ, ಇಲ್ಲೇ ತೆರಿಗೆ. ಒಬ್ಬ ಲೆಕ್ಕಪರಿಶೋಧಕರನ್ನು ಬರುವ ಮೊದಲೇ ಕೇಳಿ, ಬಂದ ಮೇಲೆ ಬೇಡ.

ಅಲ್ಲಿನ ಪೌರತ್ವ ತಗೊಂಡು ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡಿನಲ್ಲಿ ಬಂದವರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ. ಅಪ್ಪ ಅಮ್ಮನಿಂದ ಪಿತ್ರಾರ್ಜಿತವಾಗಿ ಬಂದರೆ ಬೇರೆ ಮಾತು. ಊರಿಗೆ ಹೋಗಿ ಎರಡು ಎಕರೆ ಮಾಡಿಕೊಂಡು ಇರೋಣ ಅಂತ ಕನಸು ಕಟ್ಟಿಕೊಂಡವರು, ಪೌರತ್ವದ ಅರ್ಜಿಗೆ ಸಹಿ ಹಾಕುವ ಮೊದಲು ಇದನ್ನು ಯೋಚಿಸಿ.

ನಾವು ಈಗ ಇರುವ ರೀತಿ

ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಅನ್ನುವವರಿದ್ದಾರೆ. ಮಕ್ಕಳು ಅಲ್ಲೇ ನೆಲೆಸಿರುವ, ನಿವೃತ್ತರಾದವರಿಗೆ ಅದು ಚೆನ್ನ. ಶಾಲೆಗೆ ಹೋಗುವ ಮಗು ಇದ್ದರೆ ಆಗದು.

ಅದನ್ನೇ ಕರ್ನಾಟಕದ ಒಳಗೆ ಮಾಡಬಹುದು ಅನ್ನುವುದು ನಮಗೆ ತಡವಾಗಿ ಹೊಳೆಯಿತು. ಮೈಸೂರಿನಲ್ಲಿ ಬಾಡಿಗೆ ಮನೆ. ಔಷಧಿ ಹೊಡೆಯುವಾಗ, ಅಡಿಕೆ ಕೊನೆ ಕೊಯ್ಯುವಾಗ, ದೊಡ್ಡ ರಜೆಯಲ್ಲಿ ಸಾಗರ. ಸಂಜೆ ಹೊರಟು ತಾಳಗುಪ್ಪ ರೈಲು ಹತ್ತಿದರೆ ಬೆಳಿಗ್ಗೆ ಊರು. ಹೋಗುವುದು ನೆಂಟಳಾಗಿ ಅಲ್ಲ, ಕೆಲಸಕ್ಕೆ. ಅಪ್ಪಯ್ಯನೂ ನನಗೆ ಫೋನ್ ಮಾಡುವಾಗ ಈಗ ಎಷ್ಟು ದಿನ ಇರ್ತೀಯ ಅಂತ ಕೇಳುವುದಿಲ್ಲ, ಮೈಲುತುತ್ತ ಎಷ್ಟು ಕಿಲೋ ತರಿಸಲಿ ಅಂತ ಕೇಳುತ್ತಾರೆ. ಈ ಸಲ ಮಗಳೂ ಬರುತ್ತಾಳೆ. ಕತ್ತಿ ಅದ್ದಿ ನೋಡುವ ಕೆಲಸ ತನ್ನದು ಅಂತ ಈಗಲೇ ಹೇಳಿಟ್ಟಿದ್ದಾಳೆ.